ತಾಯಿಯ ಬರೆಹಗಳೂ ನನ್ನ ಲಿನಕ್ಸ್ ಯಂತ್ರವೂ

(ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ)

ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗಾಗಿ ನನ್ನ ತಾಯಿಯವರ ಬರೆಹಗಳಲ್ಲಿ ಒಂದೆರಡನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದು ಕೇಳಿಕೊಂಡಿರುವರು. ಬೋರ್ಡಿಂಗಿನಲ್ಲಿ ೨೬ ವರ್ಷ ಮೇಟ್ರನ್ ಆಗಿದ್ದ ಅವರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಮುಪ್ಪಿನಲ್ಲಿ ಅವರು ತಮ್ಮ ನೆನಪುಗಳನ್ನು ಬರೆದಿಟ್ಟಿದ್ದರೆಂಬುದನ್ನೂ ಕೆಲವರು ಬಲ್ಲಿರಿ. ಕೇಳಿದಂತೆ ಎರಡನ್ನು ಕಳುಹಿಸಿದ್ದೇನೆ. ಆದರೆ ಅವರು ಬರೆದ ೪೧ರಲ್ಲಿ ೧೨ ಈಗ ನನ್ನಲ್ಲಿಲ್ಲ. ಅವು ನನ್ನ ಕೈಯಿಂದಲೇ ಹಾಳಾದವು. ಈ ಸಂಗತಿಯನ್ನು ಮರೆಮಾಡಿ ಉಳಿದವುಗಳನ್ನು ಮಾತ್ರ ನಿಮ್ಮ ಮುಂದಿಡುವುದು ಸರಿಯೆಂದು ನನಗೆ ತೋರಲಿಲ್ಲವಾದುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಬರೆಯುವಾಗ ನಾನು ದಿನಾಲೂ ಉಪಯೋಗಿಸುತ್ತಿರುವ ಲಿನಕ್ಸ್ ಎಂಬುದರ ವಿಷಯವೂ ಬರಲೇಬೇಕಾಗುವುದು. ಯಾಕಂದರೆ ಕಳೆದುಕೊಂಡದ್ದೂ ಅದನ್ನು ತರುವ ಆತುರದಲ್ಲಿ, ಸಿಕ್ಕಿದಷ್ಟು ತಿರಿಗಿ ಸಿಕ್ಕಿದ್ದೂ ಅದರ ಸಹಾಯದಿಂದ.

ಲಿನಕ್ಸ್ ಎಂದರೇನೆಂದು ಕೇಳುವ ತಂಗಿಯರಿಗಾಗಿ ಮೊದಲು ಕೆಲವು ಮಾತು. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಅಂಗ, ನೆನಪಿನ ಅಂಗ, ಕಡತಗಳನ್ನು ಕೂಡಿಡುವ ತಟ್ಟೆ, ಕೀಲಿಮಣೆ, ತೆರೆ ಎಲ್ಲವೂ ಇರುತ್ತವೆ. ಇದ್ದರೇನು? ಎಂಬತ್ತು ಹುಡುಗಿಯರಿಗೆ ಒಂದೇ ಬಾವಿ, ನಾಲ್ಕೇ ಬಚ್ಚಲು ಇರುವ ಬೋರ್ಡಿಂಗಿನಲ್ಲಿ ಯಾರು ಯಾವಾಗ ನೀರು ಸೇದಬೇಕು, ಯಾರ ಪೆಟ್ಟಿಗೆ ಎಲ್ಲಿರಬೇಕು, ಯಾರು ಯಾರ ಪೆಟ್ಟಿಗೆಯನ್ನು ಮುಟ್ಟಬಾರದು ಎಂದು ಗೊತ್ತುಮಾಡುವವರು ಇಲ್ಲದಿದ್ದರೆ ಬೆಳಗಿನ ಗಂಜಿಯಾಗುವ ಮೊದಲೇ ಜಗಳವಾಗುವುದಷ್ಟೆ. ಯಂತ್ರದೊಳಗೆ ಈ ಮೇಟ್ರನ್ನಿನ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ವಿಂಡೋಸ್ ಎಂಬುದನ್ನು. ಲಿನಕ್ಸ್ ಎಂಬುದು ಇನ್ನೊಂದು.

೧೯೯೧ನೆಯ ಇಸವಿ ಆಗಸ್ಟ್ ೨೫ರಂದು, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನುಸ್ ಟೊರ್ವಾಲ್ಡ್ಸ್ ಎಂಬ ೨೧ ವರ್ಷದ ತರುಣನು, ತಾನು ಬಿಡುವಿನಲ್ಲಿ ಹವ್ಯಾಸಕ್ಕೆಂದು ಇಂಥದೊಂದನ್ನು ಮಾಡುತ್ತಿರುವೆನೆಂದು ಇತರರಿಗೆ ತಿಳಿಸಿದನು. ಅದಕ್ಕೆ ಎಂಟು ವರ್ಷ ಹಿಂದೆಯೇ ಅಮೇರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಗ್ನೂ ಎಂಬ ಹೆಸರಿನಿಂದ ಒಂದು ಕೆಲಸವನ್ನು ಆರಂಭಿಸಿದ್ದರು. ತಂತ್ರಾಂಶವನ್ನು ಯಾರು ಬೇಕಾದರೂ ಉಪಯೋಗಿಸಬಹುದು, ಅದರ ಒಳಗನ್ನು ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಆದರೆ ತಿದ್ದಿ ಹಂಚುವವರು ತಾವು ಪಡೆದ ಈ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡತಕ್ಕದ್ದು ಎಂಬುದು ಅವರ ಪರವಾನಗಿಯ ತಾತ್ಪರ್ಯ. ೧೯೯೨ರಲ್ಲಿ ಟೊರ್ವಾಲ್ಡ್ಸನು ತನ್ನ ಕೃತಿಯನ್ನೂ ಆ ಪರವಾನಗಿಯ ಕೆಳಗೆ ತಂದನು. ಇದನ್ನು ನಾನು ಹೆಪ್ಪಿನ ಸಾಮ್ಯದಿಂದ ತಿಳಿದುಕೊಂಡೆನು. ಪಕ್ಕದ ಮನೆಯವರು ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆ ಕೇಳಿದರೆ ಕೊಡುತ್ತೇವೆ. ಕೊಟ್ಟವರ ಪಾತ್ರೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಪಡೆದವರು ನಾಳೆ ಮತ್ತೊಬ್ಬರಿಗೆ ಇಲ್ಲವೆನ್ನಲಾಗದು. ಸ್ಟಾಲ್ಮನ್ನರ ಪಕ್ಷದವರು ಇಡೀ ವ್ಯವಸ್ಥೆಯನ್ನು ಗ್ನೂ-ಲಿನಕ್ಸ್ ಎಂದೇ ಕರೆಯಬೇಕೆನ್ನುವರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೂ ಬಾಯಿಗೆ ರೂಢಿಯಾದ ಹೆಸರನ್ನೇ ನಾನು ಇಲ್ಲಿ ಹೇಳುತ್ತಿದ್ದೇನೆ.

ಈಗ ತಾಯಿಯವರ ಮಾತು. ೨೦೧೦ರಲ್ಲಿ ನಾವು ಮನೆಗೊಂದು ಕಂಪ್ಯೂಟರನ್ನು ತಂದಾಗ ಅವರಿಗೆ ೭೪ ವರ್ಷ. ಕೈ ನಡುಗುತ್ತಿದ್ದುದರಿಂದ ಲೇಖನಿ ಹಿಡಿಯುವುದು ಕಷ್ಟವಾಗಿತ್ತು. ಕೀಲಿಯನ್ನು ಒತ್ತುವುದಕ್ಕೆ ನಡುಕವು ಅಷ್ಟಾಗಿ ಅಡ್ಡಿಮಾಡುವುದಿಲ್ಲವೆಂದು ಅವರು ತಾವೇ ಕಂಡುಕೊಂಡರು. ನುಡಿ ಎಂಬ ತಂತ್ರಾಂಶದಲ್ಲಿ, ಬಲಗೈಯ ಒಂದು ಬೆರಳು, ಎಡಗೈಯ ಒಂದು ಬೆರಳು, ಇಷ್ಟರಿಂದಲೇ ಪ್ರತಿ ರವಿವಾರ ದೇವಾಲಯದಿಂದ ಬಂದು ಊಟವಾದ ಬಳಿಕ ಬರೆಯಲು ಕುಳಿತುಕೊಳ್ಳುವರು. ಒಂದು ಬರೆಹಕ್ಕೆ ಒಂದೊಂದು ವೇಳೆ ನಾಲ್ಕು ರವಿವಾರಗಳಾಗುವುವು. ಬರೆದದ್ದೆಲ್ಲ ಬೋರ್ಡಿಂಗಿನ ವಿಷಯವೇ: ಬಾವಿಯ ರಾಟೆ, ಜ್ವರದ ಕೋಣೆ, ಕ್ರಿಸ್ಮಸಿನ ಪೆಟ್ಟಿಗೆ, ರಜೆಯಲ್ಲಿ ಹೋಗಲು ಮನೆಯಿಲ್ಲದೆ ಉಳಿದ ಹುಡುಗಿಯರು. ಮುಗಿದ ಪ್ರತಿಯೊಂದರ ಹೆಸರನ್ನೂ ಒಂದು ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ನಡುಗುವ ಅಕ್ಷರದಿಂದ ಬರೆದಿಡುವರು. ಅವರು ೨೦೧೬ರಲ್ಲಿ ತೀರಿಕೊಂಡಾಗ ಆ ಪಟ್ಟಿಯಲ್ಲಿ ೪೧ ಹೆಸರುಗಳಿದ್ದುವು.

ಆ ಯಂತ್ರದಲ್ಲಿದ್ದುದು ವಿಂಡೋಸ್ ೭. ಅದನ್ನು ಮಾಡಿದವರು ೨೦೨೦ನೆಯ ಇಸವಿ ಜನವರಿ ೧೪ರಂದು ಅದರ ಬೆಂಬಲವನ್ನು ನಿಲ್ಲಿಸಿದರು. ಅಂದರೆ ಅದರಲ್ಲಿ ಕಾಣುವ ರಂಧ್ರಗಳಿಗೆ ನಮ್ಮಂಥವರಿಗಾಗಿ ತೇಪೆ ಹಾಕುವವರು ಆ ಬಳಿಕ ಇರಲಿಲ್ಲ. ಹೊಸದನ್ನು ಹಾಕಿದರೆ ಎರಡು ಗಿಗಾಬೈಟಿನ ನೆನಪುಳ್ಳ ಆ ಮುದಿ ಯಂತ್ರವು ಹೊರಲಾರದೆಂದು ಅಂಗಡಿಯವರೂ ಹೇಳಿದರು. ಅದೇ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ನೆರೆಮನೆಯ ಇಬ್ಬರು ಹುಡುಗಿಯರಿಗೆ ಕನ್ನಡ ಪಾಠ ಹೇಳಿಕೊಡುತ್ತಿದ್ದ ನನಗೆ ಅದನ್ನು ತೆರೆಯ ಮೂಲಕವೇ ಮುಂದುವರಿಸಬೇಕಾಯಿತು. ಯಂತ್ರವನ್ನು ಹಚ್ಚಿ, ಅಡಿಗೆಮನೆಗೆ ಹೋಗಿ, ಚಹಾ ಮಾಡಿ ಕುಡಿದು ಬಂದರೂ ಅದು ಏಳುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನು ಫೋನಿನಲ್ಲಿ, “ಚಿಕ್ಕಮ್ಮಾ, ಲಿನಕ್ಸ್ ಮಿಂಟ್ ಹಾಕಿಬಿಡಿರಿ. ಹಗುರವಾದ ಬಗೆಯೊಂದಿದೆ. ದುಡ್ಡು ಕೊಡಬೇಕಾಗಿಲ್ಲ” ಎಂದನು.

ಇಲ್ಲಿ ಒಂದು ಸಣ್ಣ ಮಾತು. ಮಿಂಟ್ ಎಂಬುದು ಲಿನಕ್ಸಿನ ಹಲವು ಬಗೆಗಳಲ್ಲಿ ಒಂದು. ಕ್ಲೆಮಾಂ ಲೆಫೆಬ್ರ್ ಎಂಬವರು ೨೦೦೬ರಲ್ಲಿ ಆರಂಭಿಸಿದ್ದು. ಅದರ ಪ್ರತಿಯೊಂದು ಆವೃತ್ತಿಗೂ ಹೆಣ್ಣಿನ ಹೆಸರನ್ನೇ ಇಡುವ ಪದ್ಧತಿ. ಮೊದಲನೆಯದು ಏಡಾ, ಬಳಿಕ ಬಾರ್ಬರಾ, ನಾನು ಹಾಕಿದ ೧೯.೩ರ ಹೆಸರು ಟ್ರಿಷಿಯಾ. ಆಮೇಲೆ ಉಲ್ಯಾನಾ, ವನೆಸ್ಸಾ, ವಿಲ್ಮಾ. ನಮ್ಮ ಬೋರ್ಡಿಂಗಿನ ಹಳೆಯ ಹಾಜರಿ ಪುಸ್ತಕವನ್ನು ತೆರೆದಂತೆ ನನಗೆ ಕಂಡಿತು. ಡೆಬಿಯನ್ ಎಂಬ ಇನ್ನೊಂದು ಹಳೆಯ ಬಗೆಯೂ ಹಾಗೆಯೇ. ೧೯೯೩ರಲ್ಲಿ ಅದನ್ನು ಆರಂಭಿಸಿದ ಇಯಾನ್ ಮರ್ಡಾಕನು, ತಾನು ಮುಂದೆ ಮದುವೆಯಾದ ಡೆಬ್ರಾ ಎಂಬವಳ ಹೆಸರನ್ನು ಮುಂದಿಟ್ಟು, ತನ್ನ ಹೆಸರನ್ನು ಹಿಂದಿಟ್ಟು, ಎರಡನ್ನೂ ಬೆಸೆದನು.

ಇನ್ನು ನನ್ನ ತಪ್ಪಿನ ಕಥೆ. ಹಳೆಯ ಯಂತ್ರದ ತಟ್ಟೆಯಲ್ಲಿ ಸಿ ಎಂದೂ ಡಿ ಎಂದೂ ಎರಡು ಭಾಗಗಳಿದ್ದುವು. ಸಿ ಭಾಗದಲ್ಲಿ ವಿಂಡೋಸ್. ಡಿ ಭಾಗದಲ್ಲಿ ತಾಯಿಯವರ ಬರೆಹಗಳು. ಅಕ್ಕನ ಮಗನು, “ಎಲ್ಲವನ್ನೂ ಮೊದಲು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿರಿ” ಎಂದು ಎರಡು ಸಾರಿ ಹೇಳಿದ್ದನು. ನಾನು ಮಾಡಿದೆನು. ಮೊದಲ ತೆರೆಯ ಮೇಲೆ “ಅಮ್ಮ” ಎಂಬ ಹೆಸರಿನ ಹಳದಿಯ ಚೀಲದ ಚಿತ್ರವಿತ್ತು. ಆರು ವರ್ಷ ಅವರು ದಿನಾಲೂ ಅದನ್ನೇ ಒತ್ತಿ ತಮ್ಮ ಬರೆಹಗಳನ್ನು ತೆಗೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆನು. ಆ ಚಿತ್ರವನ್ನೇ ಪೆನ್‌ಡ್ರೈವಿಗೆ ಎಳೆದು ಹಾಕಿದೆನು. ಕಣ್ಣು ಮಿಟುಕಿಸುವುದರೊಳಗೆ ನಕಲಾಯಿತು. ಅಷ್ಟು ಬೇಗ ಹೇಗಾಯಿತೆಂದು ನಾನು ಕೇಳಿಕೊಳ್ಳಬೇಕಾಗಿತ್ತು, ಕೇಳಿಕೊಳ್ಳಲಿಲ್ಲ. ಅದು ಚೀಲವಾಗಿರಲಿಲ್ಲ, ಚೀಲವಿರುವ ಸ್ಥಳವನ್ನು ತೋರಿಸುವ ಬರೀ ಒಂದು ಕೈಮರವಾಗಿತ್ತು. ಊರನ್ನು ಹೊತ್ತು ತಂದೆನೆಂದು ತಿಳಿದು ನಾನು ಊರ ದಾರಿಯ ಹಲಗೆಯನ್ನು ಕಿತ್ತುತಂದಿದ್ದೆನು.

ಮಿಂಟನ್ನು ಹಾಕುವಾಗ ಅದು ಒಂದು ಪ್ರಶ್ನೆ ಕೇಳುವುದು: ಹಳೆಯದರ ಪಕ್ಕದಲ್ಲಿ ನಾನೂ ಇರಲೋ, ತಟ್ಟೆಯನ್ನು ಅಳಿಸಿ ನಾನೊಬ್ಬನೇ ಇರಲೋ, ಅಥವಾ ಬೇರೆ ಏನಾದರೂ ಏರ್ಪಾಡೋ? ವಿಂಡೋಸು ನನಗೆ ಬೇಕಾಗಿರಲಿಲ್ಲ. ಅಳಿಸುವುದೆಂದರೆ ವಿಂಡೋಸು ಇರುವ ಸಿ ಭಾಗವನ್ನು ಮಾತ್ರವೆಂದು ನಾನು ತಿಳಿದೆನು. ತಟ್ಟೆಯೆಂದರೆ ಇಡೀ ತಟ್ಟೆ. ಖಂಡಿತವೋ ಎಂದು ಅದು ಇನ್ನೊಮ್ಮೆ ಕೇಳಿತು. ನಾನು ಖಂಡಿತವೆಂದೆನು. ಆದುದರಿಂದ ಈ ವಿಷಯದಲ್ಲಿ ಯಾರನ್ನೂ ದೂರುವ ಹಕ್ಕು ನನಗಿಲ್ಲ.

ಅರ್ಧ ತಾಸಿನೊಳಗೆ ಹೊಸ ವ್ಯವಸ್ಥೆಯು ಸಿದ್ಧವಾಗಿ, ಯಂತ್ರವು ಚಿಕ್ಕ ಪ್ರಾಯದಲ್ಲಿದ್ದಂತೆ ಚುರುಕಾಗಿ ಎದ್ದಿತು. ಬಹಳ ಸಂತೋಷಪಟ್ಟೆನು. ಪಾಠಕ್ಕೆ ಬೇಕಾದದ್ದನ್ನೆಲ್ಲ ನೋಡಿಕೊಂಡೆನು. ಸಂಜೆಯ ದೀಪ ಹಚ್ಚಿದ ಮೇಲೆ ತಾಯಿಯವರದೊಂದನ್ನು ಓದೋಣವೆಂದು ಪೆನ್‌ಡ್ರೈವನ್ನು ಸಿಕ್ಕಿಸಿದೆನು. ಒಂದೂವರೆ ಕಿಲೋಬೈಟಿನ ಒಂದು ಕಡತ ಮಾತ್ರ ಇತ್ತು. ಡಿ ಭಾಗವನ್ನು ಹುಡುಕಿದೆನು. ಡಿ ಎಂಬುದೇ ಇರಲಿಲ್ಲ.

ಆಗಿನ ನನ್ನ ಸ್ಥಿತಿಯನ್ನು ವರ್ಣಿಸುವುದಿಲ್ಲ. ಅವರು ಕಾಗದದಲ್ಲಿ ಬರೆದಿದ್ದರೆ ಪೆಟ್ಟಿಗೆಯ ಅಡಿಯಲ್ಲಾದರೂ ಉಳಿಯುತ್ತಿತ್ತಲ್ಲಾ ಎಂದುಕೊಂಡೆನು. ಅವರನ್ನು ಯಂತ್ರದ ಮುಂದೆ ಕುಳ್ಳಿರಿಸಿದವಳೂ ನಾನೇ. ರಾತ್ರಿ ಹತ್ತು ಗಂಟೆಗೆ ಅಕ್ಕನ ಮಗನಿಗೆ ಫೋನ್ ಮಾಡಿದೆನು. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ.

“ಚಿಕ್ಕಮ್ಮಾ, ಯಂತ್ರವನ್ನು ಈಗಲೇ ನಿಲ್ಲಿಸಿರಿ. ಇನ್ನೊಂದು ಅಕ್ಷರವನ್ನೂ ಅದರಲ್ಲಿ ಬರೆಯಬೇಡಿರಿ” ಎಂದನು.

“ಅಳಿಸಿಹೋದದ್ದು ಇನ್ನು ಎಲ್ಲಿಂದ ಬರುತ್ತದೆಯಪ್ಪಾ?” ಎಂದೆನು.

ಅವನು ಹೇಳಿದ್ದನ್ನು ನಾನು ತಿಳಿದುಕೊಂಡಂತೆ ಬರೆಯುತ್ತೇನೆ. ತಟ್ಟೆಯನ್ನು ಅಳಿಸಿದಾಗ ಅದರಲ್ಲಿರುವ ಪ್ರತಿ ಅಕ್ಷರವೂ ಅಳಿಯುವುದಿಲ್ಲ. ಯಾವ ಕಡತವು ಎಲ್ಲಿದೆಯೆಂಬ ಅನುಕ್ರಮಣಿಕೆ ಹೋಗುತ್ತದೆ. ಪುಸ್ತಕ ಭಂಡಾರದ ಪಟ್ಟಿಯನ್ನು ಸುಟ್ಟರೂ ಪುಸ್ತಕಗಳು ಕಪಾಟಿನಲ್ಲೇ ಇರುವಂತೆ, ಹಳೆಯ ಬರೆಹವು ಅಲ್ಲಲ್ಲೇ ಬಿದ್ದಿರುತ್ತದೆ. ಹೊಸದನ್ನು ತಂದು ಅದರ ಮೇಲೆ ಇಟ್ಟಾಗ ಮಾತ್ರ ಹಳೆಯದು ನಿಜವಾಗಿ ನಾಶವಾಗುತ್ತದೆ. ಹೊಸ ವ್ಯವಸ್ಥೆಯು ತನ್ನನ್ನು ಬರೆದುಕೊಂಡ ಜಾಗಗಳಲ್ಲಿ ಇದ್ದದ್ದು ಆಗಲೇ ಹೋಗಿತ್ತು. ಅದಲ್ಲದೆ ಅದು ತನ್ನ ಲೆಕ್ಕದ ಪುಟಗಳನ್ನು ಇಡೀ ತಟ್ಟೆಯ ಉದ್ದಕ್ಕೂ ಅಲ್ಲಲ್ಲಿ ಹಾಸುತ್ತಾ ಹೋಗುವುದರಿಂದ ಡಿ ಭಾಗಕ್ಕೂ ಗಾಯಗಳಾಗಿದ್ದುವು. ಉಳಿದದ್ದನ್ನು ಹುಡುಕಬೇಕು.

ಹುಡುಕುವುದಕ್ಕೆ ಅವನು ಹೇಳಿದ ಸಾಧನದ ಹೆಸರು ಫೋಟೋರೆಕ್. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಮಾಡಿ ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟದ್ದು. ಹೆಸರಿನಲ್ಲಿ ಫೋಟೋ ಎಂದಿದ್ದರೂ ಬರೆಹಗಳನ್ನೂ ಹುಡುಕುವುದು. ಅದು ಅನುಕ್ರಮಣಿಕೆಯನ್ನು ನೋಡುವುದೇ ಇಲ್ಲ. ತಟ್ಟೆಯ ಈ ತುದಿಯಿಂದ ಆ ತುದಿಗೆ ತಡವುತ್ತಾ ಹೋಗಿ, ಪ್ರತಿ ಜಾತಿಯ ಕಡತಕ್ಕೂ ಆರಂಭದಲ್ಲಿ ಇರುವ ಗುರುತನ್ನು ಕಂಡ ಕಡೆಯಲ್ಲೆಲ್ಲ ಅಗೆದು ಮೇಲೆತ್ತುವುದು. ಲಿನಕ್ಸಿನ ಇನ್ನೊಂದು ಉಪಕಾರವು ಇಲ್ಲಿ ಒದಗಿತು. ಗಾಯವಾದ ತಟ್ಟೆಯನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಎಬ್ಬಿಸಿ ಕೆಲಸ ಮಾಡಬಹುದು. ಮಿಂಟನ್ನು ಹಾಕಲು ಉಪಯೋಗಿಸಿದ ಅದೇ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದೆನು. ಸಿಕ್ಕಿದ್ದನ್ನು ಇಡಲು ಬೇರೊಂದು ತಟ್ಟೆ ಬೇಕಾಗಿತ್ತು. ಬೀದಿಯ ಕೊನೆಯ ಮನೆಯವರು ತಮ್ಮ ಮದುವೆಯ ಚಿತ್ರಗಳನ್ನಿಟ್ಟ ತಟ್ಟೆಯನ್ನು ಗೇಟಿನ ಮೇಲಿಟ್ಟು ದೂರ ನಿಂತು ಕೊಟ್ಟರು. ಅವರು ಸ್ವಂತದ್ದನ್ನು ಧೈರ್ಯವಾಗಿ ಕೊಟ್ಟದ್ದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ. ಅಕ್ಕನ ಮಗನು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದನು. ನಾನು ಒಂದೊಂದೇ ಅಕ್ಷರ ಒತ್ತಿದೆನು. ೩೨೦ ಗಿಗಾಬೈಟಿನ ಆ ತಟ್ಟೆಯನ್ನು ತಡವಿ ಮುಗಿಸುವುದಕ್ಕೆ ಬೆಳಗಾಯಿತು.

ನಾಣ್ಯ ಕಳೆದುಕೊಂಡು ದೀಪ ಹಚ್ಚಿ ಮನೆ ಗುಡಿಸಿದ ಸ್ತ್ರೀಯ ಸಾಮ್ಯವನ್ನು ನಾವೆಲ್ಲರೂ ರವಿವಾರದ ಶಾಲೆಯಲ್ಲಿ ಕಲಿತಿದ್ದೇವೆ. ಗುಡಿಸಿದಾಗ ಕಸ ಎಷ್ಟು ಬಂದಿತೆಂದು ಅಲ್ಲಿ ಹೇಳಿಲ್ಲ. ನನಗೆ ಸಾವಿರಗಟ್ಟಲೆ ಕಡತಗಳು ಬಂದುವು. ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆಗಳು. ವಿದ್ಯುತ್ ಬಿಲ್ಲುಗಳು, ಯಾರದೋ ಮದುವೆಯ ಕರೆಯೋಲೆ, ನಾನು ಶಾಲೆಯಲ್ಲಿದ್ದಾಗ ಮಾಡಿದ ಪ್ರಶ್ನೆಪತ್ರಿಕೆಗಳು, ಜಾಲದ ಪುಟಗಳ ಚೂರುಗಳು. ಒಂದೊಂದನ್ನೇ ತೆರೆದು ನೋಡುತ್ತಾ ಹೋದೆನು. ಅದಕ್ಕೆ ೧೯ ದಿನಗಳಾದವು.

ಇಲ್ಲಿ ಇನ್ನೊಂದು ತೊಡಕು. ತಾಯಿಯವರ ಕಡತವೆಂದು ತೋರಿದ್ದನ್ನು ತೆರೆದರೆ ಕನ್ನಡವೇ ಕಾಣುತ್ತಿರಲಿಲ್ಲ. ರೋಮನ್ ಅಕ್ಷರಗಳು, ಅವುಗಳ ಮೇಲೆ ಕೊಂಬು, ಚುಕ್ಕೆ, ಬಾಲ. ಇವೂ ಹಾಳಾದವೆಂದು ಮೊದಲು ಅತ್ತುಬಿಟ್ಟೆನು. ಹಾಳಾಗಿರಲಿಲ್ಲ. ನುಡಿಯಲ್ಲಿ ಅವರು ಬಳಸಿದ ಅಚ್ಚು ಯಂತ್ರದ ಲೆಕ್ಕದಲ್ಲಿ ಕನ್ನಡವಲ್ಲ. ರೋಮನ್ ಅಕ್ಷರಗಳಿಗೆ ಗೊತ್ತುಮಾಡಿದ ಸಂಖ್ಯೆಗಳ ಮೇಲೆಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಹೊದಿಸಿದ್ದರು. ಆ ಅಚ್ಚುಮೊಳೆಗಳು ಇರುವ ಯಂತ್ರದಲ್ಲಿ ಕನ್ನಡವಾಗಿ ಕಾಣುವುದು. ಇಲ್ಲದ ಯಂತ್ರದಲ್ಲಿ ಹೊದಿಕೆ ಜಾರಿ ರೋಮನ್ ಮುಖ ಕಾಣುವುದು. ಯೂನಿಕೋಡ್ ಎಂಬ ಲೋಕಸಾಮಾನ್ಯವಾದ ಏರ್ಪಾಡಿನಲ್ಲಿ ಮಾತ್ರ ಕನ್ನಡಕ್ಕೆಂದೇ ೧೨೮ ಸ್ಥಾನಗಳನ್ನು ಕಾದಿರಿಸಿದ್ದಾರೆ. ಅಲ್ಲಿ ನಮ್ಮ ಲಿಪಿಯು ಬಾಡಿಗೆಗೆ ಇಲ್ಲ, ಸ್ವಂತ ಮನೆಯಲ್ಲಿದೆ. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ೧೮೪೧ರಲ್ಲಿ ಅಚ್ಚುಕೂಟವನ್ನು ತೆರೆದಂದಿನಿಂದ ನಮ್ಮ ಅಕ್ಷರಗಳನ್ನು ಕಲ್ಲಿಗೂ ಸೀಸಕ್ಕೂ ಹೊಂದಿಸಲು ಎಷ್ಟು ಜನರು ದುಡಿದರೋ! ಯಂತ್ರಕ್ಕೆ ಹೊಂದಿಸುವಾಗಲೂ ಹೀಗೆ ಒಂದು ತಲೆಮಾರಿನ ಬರೆಹವೆಲ್ಲ ಬಾಡಿಗೆಯ ಮನೆಯಲ್ಲಿ ಕಳೆಯಬೇಕಾಯಿತು.

ನುಡಿಯ ಬರೆಹವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳನ್ನು ಕನ್ನಡದ ತರುಣರು ಮಾಡಿ ಬಿಟ್ಟಿಯಾಗಿ ಕೊಟ್ಟಿರುವರು. ನಾನು ಮೊದಲು ಹಿಡಿದದ್ದು ಒಂದು ಹಳೆಯದು. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ಹಿಂದುಗಡೆ ಕೂತಿರುತ್ತದೆ. ತಿರುಗಿಸುವಾಗ ಅದನ್ನು ಮುಂದಕ್ಕೆ ತರಬೇಕು. ಆ ಸಾಧನವು ತರಲಿಲ್ಲ. ಆದುದರಿಂದ ತಾಯಿಯವರ ಬರೆಹಗಳಲ್ಲೆಲ್ಲ “ಪ್ರಾರ್ಥನೆ” ಎಂಬುದು “ಪ್ರಾಥರ್ನೆ”ಯಾಗಿಯೂ “ಕರ್ತನು” ಎಂಬುದು “ಕತರ್ನು” ಆಗಿಯೂ ನಿಂತುವು. ಕತರ್ನೆಂಬ ಹೊಸ ಪ್ರವಾದಿಯೊಬ್ಬನನ್ನು ನೋಡಿ ಆ ದುಃಖದಲ್ಲಿಯೂ ನಕ್ಕೆನು. ತಾಯಿಯವರು ಇದ್ದಿದ್ದರೆ ಅವರೂ ನಗುತ್ತಿದ್ದರು. ಬಳಿಕ ಇನ್ನೊಂದು ಒಳ್ಳೆಯ ಸಾಧನ ಸಿಕ್ಕಿತು. ಆದರೂ ಪ್ರತಿ ಸಾಲನ್ನೂ ನಾನು ಓದಿ ತಿದ್ದಿದೆನು. ಅವರಿಗೆ ಪೂರ್ಣವಿರಾಮದ ಹಿಂದೆ ಒಂದು ತೆರಪು ಬಿಡುವ ಅಭ್ಯಾಸವಿತ್ತು. ವಾಕ್ಯವನ್ನು ನಿಲ್ಲಿಸುವ ಮುಂಚೆ ಒಂದಿಷ್ಟು ಯೋಚಿಸಿದಂತೆ. ಒಂದೇ ಆಜ್ಞೆಯಿಂದ ಅವುಗಳನ್ನೆಲ್ಲ ತೆಗೆದುಬಿಡಬಹುದಾಗಿತ್ತು. ಕನ್ನಡದ ಉಪಾಧ್ಯಾಯಿನಿಯಾಗಿದ್ದ ನನ್ನ ಕೈ ಅದಕ್ಕೆ ತುರಿಸುತ್ತಲೂ ಇತ್ತು. ಬಿಟ್ಟುಬಿಟ್ಟೆನು. ನೀವು ಈ ಸಂಚಿಕೆಯಲ್ಲಿ ಓದುವ ಅವರ ಎರಡು ಬರೆಹಗಳಲ್ಲಿ ಆ ತೆರಪುಗಳು ಕಂಡರೆ ಮುದ್ರಕರನ್ನು ದೂರಬೇಡಿರಿ.

೪೧ರಲ್ಲಿ ೨೯ ಸಿಕ್ಕಿದುವು. ಅವುಗಳಲ್ಲಿ ಮೂರು ಅರ್ಧಂಬರ್ಧ. ಅದಲ್ಲದೆ ಹಾಲಿನ ಪುಸ್ತಕದ ಪಟ್ಟಿಯಲ್ಲಿ ಇಲ್ಲದ್ದೂ ಒಂದು ಸಿಕ್ಕಿತು. ಫೋಟೋರೆಕ್ಕಿಗೆ ನಾನು ಅಳಿಸಿದ್ದೂ ಅವರು ತಾವಾಗಿ ಅಳಿಸಿದ್ದೂ ಒಂದೇ ಅಲ್ಲವೇ? ಅವರು ಬರೆದು, ಬೇಡವೆಂದು ತೆಗೆದುಹಾಕಿದ ಬರೆಹವಾಗಿತ್ತು ಅದು. ನಾನು ಹನ್ನೆರಡು ವರ್ಷದವಳಾಗಿ ಇದೇ ಬೋರ್ಡಿಂಗಿನಲ್ಲಿದ್ದಾಗ ಒಂದು ಮಳೆಗಾಲ ಒಂಬತ್ತು ಹುಡುಗಿಯರಿಗೆ ಒಟ್ಟಿಗೆ ಜ್ವರ ಬಂದಿತ್ತು. ಒಂಬತ್ತನೆಯವಳು ನಾನು. ಮೇಟ್ರನ್ ತನ್ನ ಮಗಳಿಗೆ ಪಕ್ಷಪಾತ ಮಾಡಿದಳೆಂದು ಯಾರೂ ಹೇಳಬಾರದೆಂದು ಅವರು ಪ್ರತಿ ರಾತ್ರಿ ಎಂಟು ಹಾಸಿಗೆಗಳನ್ನು ನೋಡಿ ಕೊನೆಗೆ ನನ್ನ ಬಳಿಗೆ ಬರುತ್ತಿದ್ದರು. ಬರುವಾಗ ನಾನು ನಿದ್ದೆ ಹೋಗಿರುತ್ತಿದ್ದೆನು. ಅಮ್ಮ ನನ್ನನ್ನು ನೋಡಲು ಬರಲೇ ಇಲ್ಲವೆಂದು ನಾನು ಬಹಳ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನು. ಅವರೊಡನೆ ಎಂದೂ ಹೇಳಿರಲಿಲ್ಲ. ಅದು ಅವರಿಗೆ ತಿಳಿದಿತ್ತೆಂದು ಆ ಬರೆಹದಿಂದ ಗೊತ್ತಾಯಿತು. ಅದನ್ನು ಅವರು ಬೇಡವೆಂದು ತೆಗೆದದ್ದರಿಂದ ಇಲ್ಲಿ ಅಚ್ಚಿಗೆ ಕೊಟ್ಟಿಲ್ಲ. ಓದಬಾರದಾಗಿತ್ತೋ ಏನೋ, ಓದಿದೆನು.

ಇದೆಲ್ಲ ನಡೆದ ಮೇಲೆ ಲಿನಕ್ಸನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ಕೆಲವರು ಕೇಳಿರುವರು. ಬಿಡಲಿಲ್ಲ. ನೆನಪಿನ ಅಂಗವನ್ನು ನಾಲ್ಕು ಗಿಗಾಬೈಟಿಗೆ ಏರಿಸಿ ಅದೇ ಯಂತ್ರದಲ್ಲಿ ಇದನ್ನು ಬರೆಯುತ್ತಿದ್ದೇನೆ. ದಿನದಿನದ ಅನುಭವಗಳಲ್ಲಿ ಕೆಲವನ್ನು ಹೇಳುವೆನು.

ಮೊದಲ ವಾರದಲ್ಲೇ ಕೀಲಿಮಣೆ ಕೆಟ್ಟಿತೆಂದು ಅಕ್ಕನ ಮಗನಿಗೆ ಫೋನ್ ಮಾಡಿದೆನು. ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿಯು ಗುಟ್ಟಿನ ಪದವನ್ನು ಕೇಳಿತ್ತು. ನಾನು ಎಷ್ಟು ಒತ್ತಿದರೂ ಒಂದಕ್ಷರವೂ ಮೂಡುತ್ತಿರಲಿಲ್ಲ. “ಅಲ್ಲಿ ಒತ್ತಿದ ಅಕ್ಷರ ಕಾಣಿಸುವುದಿಲ್ಲ ಚಿಕ್ಕಮ್ಮಾ, ಪಕ್ಕದವರು ಓದಿಯಾರು ಎಂದು” ಎಂದನು. ಈ ಗುಟ್ಟಿನ ಪದದ ಏರ್ಪಾಡು ನನಗೆ ಒಪ್ಪಿಗೆಯಾಯಿತು. ಮನೆಯವರು ಯಾರೇ ಆಗಲಿ, ಯಂತ್ರದ ಒಳವ್ಯವಸ್ಥೆಗೆ ಕೈ ಹಾಕಬೇಕಾದರೆ ಪ್ರತಿ ಸಾರಿ ಅಪ್ಪಣೆ ಬೇಡಬೇಕು. ಉಗ್ರಾಣದ ಬೀಗದ ಕೈ ಮೇಟ್ರನ್ನಿನ ಸೊಂಟದಲ್ಲಿರುವಂತೆ. ಡೆಬಿಯನ್ನಿನಲ್ಲಾದರೆ ಹೀಗೆ ಮೊದಲ ಸಾರಿ ಅಪ್ಪಣೆ ಬೇಡಿದವರಿಗೆ ಮೂರು ಬುದ್ಧಿಮಾತುಗಳನ್ನೂ ಹೇಳುತ್ತದೆಯಂತೆ: ಪರರ ಗುಟ್ಟನ್ನು ಗೌರವಿಸು, ಒತ್ತುವ ಮೊದಲು ಯೋಚಿಸು, ಅಧಿಕಾರವಿದ್ದಲ್ಲಿ ಹೊಣೆಯೂ ಇದೆ ಎಂದು. ಎರಡನೆಯದನ್ನು ನನಗೆ ಸ್ವಲ್ಪ ಮುಂಚೆ ಹೇಳಬಹುದಿತ್ತು.

ಕನ್ನಡ ಬರೆಯುವುದಕ್ಕೆ ಏನೂ ಕಷ್ಟವಾಗಲಿಲ್ಲ. ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆಯು ಮಿಂಟಿನೊಳಗೇ ಇದೆ, ಪಟ್ಟಿಯಿಂದ ಆರಿಸಿಕೊಂಡರಾಯಿತು. ಗುಬ್ಬಿ, ನವಿಲು ಎಂದು ಹೆಸರಿಟ್ಟ ಎರಡು ಕನ್ನಡ ಅಚ್ಚುಗಳೂ ಬಿಟ್ಟಿಯಾಗಿ ಸಿಗುವುವು. ನೋಡುವುದಕ್ಕೆ ನವಿಲಿಗಿಂತ ಗುಬ್ಬಿಯೇ ನನಗೆ ಹಿತ. ಬರೆಯುವುದು ಲಿಬ್ರೆಆಫೀಸಿನಲ್ಲಿ. ಬೇರೆಯವರು ತಮ್ಮ ವಿಂಡೋಸಿನಲ್ಲಿ ಅಂದವಾಗಿ ಮಾಡಿ ಕಳುಹಿಸಿದ ಪತ್ರಗಳು ಒಂದೊಂದು ವೇಳೆ ಇಲ್ಲಿ ತೆರೆದಾಗ ಅಂಚು ತಪ್ಪಿ, ಕೋಷ್ಟಕ ಜಾರಿ ನಿಲ್ಲುವುದುಂಟು. ಇದನ್ನು ಮುಚ್ಚಿಡುವುದಿಲ್ಲ.

ಮುದ್ರಣಯಂತ್ರದ ಕಥೆ ಇನ್ನೂ ಕಹಿ. ನನ್ನ ಹಳೆಯ ಮುದ್ರಣಯಂತ್ರವನ್ನು ಮಾಡಿದವರು ಅದನ್ನು ನಡೆಸುವ ತಂತ್ರಾಂಶವನ್ನು ಲಿನಕ್ಸಿಗೆ ಸರಿಯಾಗಿ ಒದಗಿಸಿರಲಿಲ್ಲ. ಎರಡು ವಾರ ಹೋರಾಡಿದೆನು. ಒಂದು ಪುಟ ಬರುವುದು, ಎರಡನೆಯದಕ್ಕೆ ಮೌನವ್ರತ. ಕೊನೆಗೆ ಅದನ್ನು ಕೊಟ್ಟು, ಲಿನಕ್ಸಿನೊಳಗೇ ಚಾಲಕವಿರುವ ಬೇರೊಂದನ್ನು ಕೊಂಡೆನು. ಆದುದರಿಂದ ತಂಗಿಯರೇ, ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿರಿ. ಲಿನಕ್ಸ್ ಬಿಟ್ಟಿಯಾದರೂ ನನಗೆ ಒಂದು ಮುದ್ರಣಯಂತ್ರದಷ್ಟು ಖರ್ಚಾಯಿತು.

ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನಿನಿಂದ ಸಪ್ಟಂಬರದ ವರೆಗೆ ವಿದ್ಯುತ್ತು ಬಂದುಹೋಗುವ ಅತಿಥಿ. ಬರೆಯುತ್ತಿರುವಾಗಲೇ ತಟ್ಟನೆ ಕತ್ತಲೆ. ಹೀಗಾದಾಗ ತಟ್ಟೆಯ ಲೆಕ್ಕ ಏರುಪೇರಾಗುವ ಭಯವಿದೆ. ಲಿನಕ್ಸಿನ ಕಡತವ್ಯವಸ್ಥೆಯು ತಾನು ಲೆಕ್ಕದಲ್ಲಿ ಮಾಡಹೊರಟಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಅನಂತರ ಮಾಡುವುದು. ಎದ್ದ ಕೂಡಲೆ ದಿನಚರಿಯನ್ನು ಓದಿ, ಪೂರ್ತಿಯಾಗಿ ಬರೆದಿಟ್ಟದ್ದನ್ನು ನೆರವೇರಿಸಿ, ಅರ್ಧಕ್ಕೆ ನಿಂತದ್ದನ್ನು ಕೈಬಿಡುವುದು. ಇಷ್ಟು ಮಳೆಗಾಲಗಳಲ್ಲಿ ಲೆಕ್ಕ ಕೆಟ್ಟದ್ದನ್ನು ನಾನು ಕಂಡಿಲ್ಲ. ನಾನು ಉಳಿಸಿಕೊಳ್ಳಲು ಮರೆತ ಸಾಲುಗಳು ಮಾತ್ರ ಹೋಗಿವೆ.

ಹೊಸ ತೇಪೆಗಳು ಬಂದಾಗ ಮೂಲೆಯಲ್ಲಿ ಗುರಾಣಿಯಂಥ ಚಿಕ್ಕ ಗುರುತು ಕಾಣುವುದು. ನಾನು ಪಾಠ ಮುಗಿಸಿ, ಬೇಕಾದಾಗ ಅಪ್ಪಣೆ ಕೊಟ್ಟರಾಯಿತು. ಒಮ್ಮೆ ಹಾಗೆ ಹಾಕಿದ ತೇಪೆಯಿಂದ ತೆರೆಯೇ ಕಪ್ಪಾಯಿತು. ಮಿಂಟಿನಲ್ಲಿ ಟೈಮ್‌ಶಿಫ್ಟ್ ಎಂಬುದು ವ್ಯವಸ್ಥೆಯ ನಿನ್ನೆಯ ಸ್ಥಿತಿಯನ್ನು ಕಾದಿಟ್ಟಿರುತ್ತದೆ, ಅದಕ್ಕೆ ಹಿಂದಿರುಗಿದೆನು. ಆದರೆ ಅದು ಕಾಯುವುದು ವ್ಯವಸ್ಥೆಯನ್ನು, ನಮ್ಮ ಸ್ವಂತ ಬರೆಹಗಳನ್ನಲ್ಲ. ಅವುಗಳ ನಕಲನ್ನು ಬೇರೆಯಾಗಿ ಇಡತಕ್ಕದ್ದು. ತಾಯಿಯವರ ಬರೆಹಗಳು ಈಗ ಮೂರು ಕಡೆಗಳಲ್ಲಿವೆ: ಈ ಯಂತ್ರದಲ್ಲಿ, ಕಪಾಟಿನೊಳಗಿನ ಒಂದು ತಟ್ಟೆಯಲ್ಲಿ, ಬೆಂಗಳೂರಿನಲ್ಲಿ ಅಕ್ಕನ ಮಗನ ಬಳಿಯಲ್ಲಿ. ಪ್ರತಿ ರವಿವಾರ ಊಟವಾದ ಬಳಿಕ ನಕಲು ಮಾಡುತ್ತೇನೆ. ಮಾಡಿದ ಮೇಲೆ ಒಂದು ಕಡತವನ್ನಾದರೂ ತೆರೆದು, ಒಳಗೆ ಅಕ್ಷರಗಳಿವೆಯೆಂದು ಕಣ್ಣಿನಿಂದ ನೋಡುತ್ತೇನೆ.

೨೦೨೫ನೆಯ ಇಸವಿ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. ಗಟ್ಟಿಯಾಗಿರುವ ಎಷ್ಟೋ ಯಂತ್ರಗಳನ್ನು ೧೧ನೆಯದು ತನಗೆ ತಕ್ಕವಲ್ಲವೆಂದು ಒಪ್ಪುವುದಿಲ್ಲವಾದುದರಿಂದ, ನೆರೆಹೊರೆಯವರು ನನ್ನ ಮನೆಗೆ ಪೆನ್‌ಡ್ರೈವಿಗಾಗಿ ಬಂದರು. ಹೆಪ್ಪು ಕೇಳಲು ಬಂದಂತೆಯೇ. ಆರು ಯಂತ್ರಗಳಿಗೆ ನಾನು ಮಿಂಟನ್ನು ಹಾಕಿಕೊಟ್ಟಿದ್ದೇನೆ. ಒಂದೊಂದು ಮನೆಯಲ್ಲಿಯೂ ಮೊದಲು ಇಡೀ ದಿನ ನಕಲು ಮಾಡಿ, ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ತೋರಿಸಿದ ಹೊರತು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಇದು ಅತಿಯಾಯಿತೆಂದು ಅವರಲ್ಲಿ ಕೆಲವರಿಗೆ ಬೇಸರ ಬಂದಿತು.

ಈಗ ನನ್ನ ಮುಖ್ಯವಾದ ಬಿನ್ನಹ. ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಾಗಲೆಲ್ಲ ತಾಯಿಯವರು ತಮ್ಮ ಬರೆಹಗಳಲ್ಲಿ ಒಂದೆರಡನ್ನು ಕಾಗದದಲ್ಲಿ ಮುದ್ರಿಸಿಕೊಂಡು ಬಂದು, ಅದರಲ್ಲಿ ಯಾರ ವಿಷಯವಿದೆಯೋ ಅವರ ಕೈಯಲ್ಲಿ ಕೊಡುತ್ತಿದ್ದರು. ಯಾರಿಗೆ ಯಾವುದನ್ನು ಕೊಟ್ಟರೆಂದು ಬರೆದಿಟ್ಟಿಲ್ಲ. ಕಳೆದುಹೋದ ಹನ್ನೆರಡರಲ್ಲಿ “ಬಾವಿಯ ರಾಟೆ”, “ಹಂಚಿನ ಕಾರ್ಖಾನೆಯ ಸೀಟಿ”, “ಮನೆಗೆ ಹೋಗದವರು”, “ಎರಡು ಜಡೆ”, “ಸೀಮೆಎಣ್ಣೆಯ ಚೀಟಿ” ಎಂಬಿವು ಇವೆ. ಪೂರ್ತಿ ಪಟ್ಟಿಯನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಹಳೆಯ ಪುಸ್ತಕಗಳ ನಡುವೆ, ಪೆಟ್ಟಿಗೆಯ ಅಡಿಯ ಕಾಗದಗಳಲ್ಲಿ, ಸತ್ಯವೇದದ ಪುಟಗಳ ಮಧ್ಯದಲ್ಲಿ ಒಮ್ಮೆ ನೋಡಿರಿ. ಹರಿದಿದ್ದರೂ ಎಣ್ಣೆಯ ಕಲೆಯಾಗಿದ್ದರೂ ಚಿಂತೆಯಿಲ್ಲ; ಮೂಲವನ್ನು ನೀವೇ ಇಟ್ಟುಕೊಂಡು ಒಂದು ಚಿತ್ರ ತೆಗೆದು ಕಚೇರಿಗೆ ಕಳುಹಿಸಿದರೆ ಸಾಕು. “ಗಂಜಿಯ ಗಂಟೆ” ಎಂಬುದರಲ್ಲಿ ಮೊದಲನೆಯ ಪುಟ ಮಾತ್ರ ನನಗೆ ಸಿಕ್ಕಿದೆ. ಗಂಟೆಯ ನಾಲಗೆಯನ್ನು ಬಿಚ್ಚಿ ಅಡಗಿಸಿಟ್ಟ ಹುಡುಗಿಯು ರಾತ್ರಿ ತಾನಾಗಿಯೇ ಮೇಟ್ರನ್ನಿನ ಬಾಗಿಲನ್ನು ತಟ್ಟಿದಳು ಎಂಬಲ್ಲಿಗೆ ಅದು ನಿಂತುಹೋಗಿದೆ. ಆ ಹುಡುಗಿ ನಿಮ್ಮಲ್ಲೇ ಒಬ್ಬಳಾಗಿದ್ದರೆ, ಎರಡನೆಯ ಪುಟ ನಿಮ್ಮಲ್ಲಿರಬಹುದು.